ಸಂಜೆಯ ಮಾತ್ರೆ

ಆ ಹೆಂಗಸು ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲೆ ಇಟ್ಟಾಗ ಟಪ್ಪನೆ ಸದ್ದಾಯಿತು. ಕಾಗದಕ್ಕೆ ಎಲ್ಲಿಂದ ಬರಬೇಕು ಸದ್ದು? ಎತ್ತಿ ನೋಡಿದರೆ ಚೀಟಿಗೆ ಲ್ಯಾಮಿನೇಶನ್ ಮಾಡಿಸಿದ್ದರು.

"ಇದೇನಮ್ಮ, ಆಧಾರ್ ಕಾರ್ಡಾ?" ಅಂದೆ.

"ಮಳೆಗ್ ನೆನ್ದೋಯ್ತದೆ ಅಂತ ಬೆಟ್ಟದಲ್ಲಿ ಮಾಡುಸ್ದೊ ಮೇಡಂ. ಮಡ್ಸಿ ಮಡ್ಸಿ ಅರ್ದೋಗಿತ್ತು."

ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಜನರಿಕ್ ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್. ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ನನ್ನ ನಾಲಿಗೆ ಚುರುಕು ಎಂದು ಮನೆಯಲ್ಲೂ ಹೇಳುತ್ತಾರೆ, ಗಿರಾಕಿಗಳೂ ಹೇಳುತ್ತಾರೆ. ಅವತ್ತು ಸೋಮವಾರ, ಬಿಪಿ ಸಕ್ಕರೆ ಮಾತ್ರೆಯವರೆಲ್ಲ ಸಾಲಾಗಿ ನಿಂತಿದ್ದರು. ಹೆಂಗಸನ್ನು ಪಕ್ಕಕ್ಕೆ ನಿಲ್ಲಲು ಹೇಳಿದೆ. ಅವಳು ಒಂದು ಗಂಟೆ ನಿಂತಿದ್ದಳು, ಕುಳಿತುಕೊಳ್ಳಲಿಲ್ಲ.

ಚೀಟಿಯಲ್ಲಿದ್ದದ್ದು ಟ್ಯಾಕ್ರೊಲಿಮಸ್. ಬೇರೆಯವರ ಮೂತ್ರಪಿಂಡ ಹಾಕಿಸಿಕೊಂಡವರು ಬದುಕಿರುವ ತನಕ ನುಂಗಬೇಕಾದ ಔಷಧ. ಒಳಗೆ ಕೂರಿಸಿದ ಅಂಗವನ್ನು ಮೈ ಪರಕೀಯ ಎಂದು ಗುರುತಿಸಿ ಕೊಲ್ಲದಂತೆ ಇದು ತಡೆದಿಡುತ್ತದೆ. ಹನ್ನೆರಡು ಗಂಟೆಗೊಂದು ಸಲ, ಹೆಚ್ಚುಕಡಿಮೆ ಅದೇ ಸಮಯಕ್ಕೆ ನುಂಗಬೇಕು. ಕಡಿಮೆಯಾದರೆ ಅಂಗ ಹೋಗುತ್ತದೆ; ಜಾಸ್ತಿಯಾದರೆ ಅದೇ ಔಷಧ ಅಂಗವನ್ನು ಕೆಡಿಸುತ್ತದೆ.

"ಯಾರಿಗೆ?"

"ನಮ್ ತಂಬಿಗೆ." ತಂಬಿ ಎಂದರೆ ತಮ್ಮ. ಬೆಟ್ಟದಿಂದಾಚೆ ಪಾಲಾರ್ ರಸ್ತೆಯ ಹಳ್ಳಿಗಳಲ್ಲಿ ತಮಿಳೂ ಕನ್ನಡವೂ ಒಟ್ಟಿಗೇ ಬಾಯಿಗೆ ಬರುತ್ತವೆ. "ನಂದೇ ಕೊಟ್ಟಿವ್ನಿ ಮೇಡಂ, ಎಡಗಡೇದು. ಎರಡೊರ್ಸ ಆಯ್ತು."

ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿತ್ತು. ಮೊದಲು ಸರ್ಕಾರದ ಯೋಜನೆಯಲ್ಲಿ ಔಷಧ ಪುಕ್ಕಟೆ ಬರುತ್ತಿತ್ತು. ನವೀಕರಣಕ್ಕೆ ಅರ್ಜಿ ಹಾಕಿದರೆ ತಿರಸ್ಕಾರವಾಯಿತು. ಯಾಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಂದಿನಿಂದ ಮೈಸೂರಿನ ಒಂದು ಅಂಗಡಿಯಲ್ಲಿ ಹಳೇ ಬಿಲ್ಲು ತೋರಿಸಿ, ಕಂಪನಿಯ ಪೂರಾ ಬೆಲೆ ಕೊಟ್ಟು ತರುತ್ತಿದ್ದಳು. ಕಿವಿಯ ಓಲೆ ಹೋಗಿತ್ತು, ಎರಡು ಮೇಕೆ ಹೋಗಿದ್ದವು. ಈಗ ಆ ಅಂಗಡಿಯವರೂ ಹೊಸ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದಿದ್ದರು.

"ಇಲ್ಲಿ ಕಮ್ಮಿ ರೇಟ್ಗೆ ಸಿಕ್ತದೆ ಅಂದ್ರು. ಇನ್ನ ಹನ್ನೊಂದ್ ದಿನಕ್ಕದೆ ಮಾತ್ರೆ. ಮಾದಪ್ಪ ನಡುಸ್ತವ್ನೆ ಕಣಿ ಮೇಡಂ, ತಿಂಗ್ಳ ಮಾತ್ರೆ ವಸಿ ಜಾಸ್ತಿ ದಿನ್ವೇ ಬತ್ತಾ ಅದೆ."

ಮಾದಪ್ಪ ಎಂದದ್ದು ಬೆಟ್ಟದ ಮಹದೇಶ್ವರನನ್ನು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ದೇವರ ಲೆಕ್ಕ ಆಮೇಲೆ ಮಾಡೋಣ ಎಂದು ಚೀಟಿಯ ತಾರೀಕು ನೋಡುತ್ತಿದ್ದೆ. ಎರಡು ವರ್ಷದ ಹಿಂದಿನದು. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಬರೆದಿತ್ತು. ಇವಳು ಹೇಳುತ್ತಿದ್ದದ್ದು ಬೆಳಿಗ್ಗೆ ಒಂದು, ಸಂಜೆ ಒಂದು.

"ಕಡಿಮೆ ಮಾಡಿದ್ದು ಯಾರು? ನೀವೇನಾ?"

"ಅಯ್ಯೋ ಇಲ್ಲ. ಡಾಕ್ಟ್ರೇ ಬರ್ಕೊಟ್ರು. ಇದ್ರಲ್ಲೇ ಅದೆ ನೋಡಿ."

ಇರಲಿಲ್ಲ. ತಿರುಗಿಸಿದರೆ ಹಿಂದೆ ಇನ್ನೊಂದು ಹಳೇ ಚೀಟಿಯ ಮುಖ. ಬಾಗಿಲ ಬಳಿ ಹೋಗಿ ಬಿಸಿಲಿಗೆ ಹಿಡಿದಾಗ ವಿಷಯ ಗೊತ್ತಾಯಿತು. ಎರಡು ಚೀಟಿಗೆ ಎರಡು ಚಾರ್ಜ್ ಯಾಕೆ ಎಂದು ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿದ್ದರು. ಡಾಕ್ಟರು ಮರುಭೇಟಿಯಲ್ಲಿ ಹೊಸ ಪ್ರಮಾಣ, ಹೊಸ ತಾರೀಕು ಎಲ್ಲ ಬರೆದದ್ದು ಎರಡನೇ ಚೀಟಿಯ ಹಿಂಬದಿಯಲ್ಲಿ. ಅದು ಒಳಗೆ ಸೇರಿಹೋಗಿತ್ತು. ಯೋಜನೆಯ ಅರ್ಜಿಗೆ ಸ್ಕ್ಯಾನ್ ಮಾಡಿ ಹಾಕಿದ್ದೂ ಇದೇ. ಹಳೇ ತಾರೀಕಿನ ಚೀಟಿ ಎಂದು ಅದನ್ನು ವಾಪಸ್ ಕಳಿಸಿರಬೇಕು.

ಅಂಚು ಕತ್ತರಿಸಿ ಬಿಡಿಸಲು ನೋಡಿದೆ. ಕಾಗದ ಪ್ಲಾಸ್ಟಿಕ್ಕಿನ ಜೊತೆಗೇ ಪದರಪದರವಾಗಿ ಕಿತ್ತು ಬಂತು. ಸಹಿಯ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಹೆಂಗಸು ಕೆನ್ನೆಗೆ ಕೈ ಇಟ್ಟು ನೋಡುತ್ತಿದ್ದಳು. "ಓಯ್ತಾ?" ಅಂದಳು. ಹೌದು, ನನ್ನ ಕೈಯಲ್ಲೇ ಹೋಯಿತು. ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ: "ಔಷಧದ ಚೀಟಿಯನ್ನ ಯಾರಾದರೂ ಹೀಗೆ ಹೆಣದ ಹಾಗೆ ಸುತ್ತುತ್ತಾರಾ?" ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಅಳಲಿಲ್ಲ, ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಳು.

ಚೀಟಿಯಿಲ್ಲದೆ ನಾನು ಒಂದು ಮಾತ್ರೆಯನ್ನೂ ಕೊಡುವಂತಿರಲಿಲ್ಲ. ಕೊಡುವುದಕ್ಕೆ ನಮ್ಮಲ್ಲಿ ಆ ಔಷಧ ಇರಲೂ ಇಲ್ಲ. ಮೈಸೂರಿನ ವಿತರಕರಿಂದ ತರಿಸಬೇಕು. ಜನರಿಕ್ ತರಿಸಿದರೆ ಅವಳು ಕೊಡುತ್ತಿದ್ದುದರ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ. ಆದರೆ ಈ ಔಷಧದಲ್ಲಿ ಒಂದು ಕಂಪನಿಯದರಿಂದ ಇನ್ನೊಂದಕ್ಕೆ ಅಂಗಡಿಯವರು ತಾವಾಗಿಯೇ ಬದಲಾಯಿಸಬಾರದು. ಡಾಕ್ಟರು ಒಪ್ಪಿ ಬರೆಯಬೇಕು, ಬದಲಾಯಿಸಿದ ಮೇಲೆ ರಕ್ತದಲ್ಲಿ ಔಷಧದ ಮಟ್ಟ ನೋಡಬೇಕು.

ಮಂಗಳವಾರ ಬೆಳಿಗ್ಗೆಯಿಂದ ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಿದೆ. ಒಬ್ಬರು ಎತ್ತಿ ಇನ್ನೊಬ್ಬರಿಗೆ ಕೊಡುವುದು, ಅವರು ಹಾಡು ಹಾಕಿ ಬಿಡುವುದು. ನಡುವೆ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯ ಔಷಧ ವಿಭಾಗಕ್ಕೆ ಹೋಗಿ ವಿಚಾರಿಸಿದೆ, ಇಲ್ಲ. ಹನೂರಿನಲ್ಲಿ ಗೊತ್ತಿರುವ ಫಾರ್ಮಸಿಸ್ಟ್ ಒಬ್ಬರನ್ನು ಕೇಳಿದೆ, ಇಲ್ಲ. ಸಂಜೆ ಯಳಂದೂರಿನಲ್ಲಿ ಬಸ್ ಇಳಿದವಳೇ ಅಲ್ಲಿಯ ಆಸ್ಪತ್ರೆಯಲ್ಲಿ ನನ್ನ ಹಳೇ ಸಹಪಾಠಿಯನ್ನು ಹಿಡಿದೆ. "ಕಿಡ್ನಿ ಹಾಕಿಸಿಕೊಂಡವರ ಮಾತ್ರೆ ತಾಲ್ಲೂಕಿಗೆ ಬರಲ್ಲ ಕಣೇ, ನಿಂಗೊತ್ತಿಲ್ವಾ?" ಅಂದಳು. ಗೊತ್ತಿತ್ತು. ಆದರೂ ಮೂರು ಊರು ಕೇಳಿಬಿಡೋಣ ಎನ್ನಿಸಿತ್ತು.

ಬುಧವಾರ ಹೆಂಗಸು ಮತ್ತೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಪಟ್ಟಿ ಮುಂದಿಟ್ಟಳು. ಹತ್ತು ಕ್ಯಾಪ್ಸೂಲಿನ ಪಟ್ಟಿ. ಬ್ಯಾಚ್ ನಂಬರ್, ಮುಗಿಯುವ ತಾರೀಕು ಇರುವ ಅಂಚನ್ನು ನೀಟಾಗಿ ಕತ್ತರಿಸಿದ್ದರು.

"ಅನೂರಲ್ಲಿ ಒಬ್ಬ ಕೊಡ್ತಾನೆ. ಚೀಟಿ ಬ್ಯಾಡ, ಬಿಲ್ಲು ಇಲ್ಲ. ಎಷ್ಟ್ ಬೇಕಾದ್ರೂ ತರುಸ್ಕೊಡ್ತೀನಿ ಅಂದ. ಇದು ಅದೇಯಾ ಅಂತ ನೋಡೇಳಿ ಮೇಡಂ."

"ಇದನ್ನ ನಿಮ್ಮ ತಮ್ಮನಿಗೆ ಕೊಡಬೇಡಿ. ಎಲ್ಲಿಂದ ಬಂತೋ, ಯಾವತ್ತು ಮುಗೀತೋ, ಒಳಗೇನಿದೆಯೋ ಯಾರಿಗೂ ಗೊತ್ತಿಲ್ಲ."

ಆಗ ಅವಳಿಗೆ ಮೊದಲ ಸಲ ಸಿಟ್ಟು ಬಂತು. "ನೀವೂ ಕೊಡಾಕಿಲ್ಲ, ಕೊಡೋರ್ ತಾವೂ ತಕಬ್ಯಾಡ ಅಂತೀರ. ಮತ್ ನಾನ್ ಯಾನ ಮಾಡ್ಲಿ? ಒಂಬತ್ ದಿನ ಅದೆ. ಆಮ್ಯಾಕೆ ನಮ್ ಉಡ್ಗ ಸಾಯ್ಲಾ?"

ಕಾನೂನು ಬಾಯಿಪಾಠ ಇತ್ತು, ಅದನ್ನು ಅವಳ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಒಳಗೆ ಹೋಗಿ ಮತ್ತೆ ಫೋನ್ ಹಿಡಿದೆ. ಈ ಸಲ ಗೋಗರೆದೆ. ನಾನು ಗೋಗರೆಯುವವಳಲ್ಲ, ಆ ಕಡೆಯವರಿಗೂ ಅದು ಗೊತ್ತಾಗಿರಬೇಕು. ಮಧ್ಯಾಹ್ನ ಡಾಕ್ಟರೇ ಫೋನ್ ಮಾಡಿದರು.

"ಆರು ತಿಂಗಳಿಂದ ಅವನು ಬಂದೇ ಇಲ್ಲ. ಜನರಿಕ್ ಬರೆಯೋಕೆ ನಂದೇನೂ ಅಭ್ಯಂತರ ಇಲ್ಲ. ಆದರೆ ಬದಲಾಯಿಸೋ ಮುಂಚೆ ಈಗ ಮಟ್ಟ ಎಷ್ಟಿದೆ ನೋಡಬೇಕು. ರಕ್ತ ಅಲ್ಲೇ ತೆಗೆಸಿ ಕಳಿಸಿ. ಬೆಳಗಿನ ಮಾತ್ರೆ ನುಂಗೋ ಮುಂಚೆ ತೆಗೀಬೇಕು, ನೆನಪಿರಲಿ. ರಿಪೋರ್ಟ್ ತಗೊಂಡು ಬಂದರೆ ಹೊಸ ಚೀಟಿ ಕೊಡ್ತೀನಿ, ಯೋಜನೆಯ ಫಾರಂಗೂ ಸಹಿ ಹಾಕ್ತೀನಿ."

ದಾರಿ ಸಿಕ್ಕಿತಲ್ಲ ಎಂದು ಜೀವ ಹಗುರವಾಯಿತು. ಗುರುವಾರ ಮೊದಲ ಬಸ್ಸಿಗೆ ಅಕ್ಕ ತಮ್ಮ ಇಬ್ಬರೂ ಬಂದರು. ತಮ್ಮನನ್ನು ಆಗಲೇ ಮೊದಲು ನೋಡಿದ್ದು. ಇಪ್ಪತ್ತೆಂಟರ ಆಸುಪಾಸು, ಮುಖ ಸ್ವಲ್ಪ ಊದಿಕೊಂಡಿತ್ತು. ಬೆಟ್ಟದ ಒಂದು ಲಾಡ್ಜಿನಲ್ಲಿ ಕೌಂಟರಿನ ಕೆಲಸ; ಮಧ್ಯಾಹ್ನ ಹೋದರೆ ಕೊನೆಯ ಪರಸೆಯವರಿಗೆ, ಎಂದರೆ ಯಾತ್ರಿಕರಿಗೆ, ರೂಮು ಕೊಟ್ಟು ಮುಗಿಸಿ ಬರುತ್ತಿದ್ದ. ಲ್ಯಾಬಿನವರು ತೋಳಿಗೆ ಪಟ್ಟಿ ಕಟ್ಟಿದ ಮೇಲೆ ಕೇಳಿದೆ: "ಮಾತ್ರೆ ನುಂಗಿಲ್ಲ ತಾನೆ?"

"ನುಂಗುಸ್ದಿ," ಅಂದಳು ಅಕ್ಕ. "ದಿನಾ ಬೆಳಗ್ಗೆ ನಾನೇ ಬಾಯ್ಗಾಕದು. ಬಸ್ಸಲ್ಲಿ ಕೌದಳ್ಳಿ ತಾವು ಕೊಟ್ಟಿ."

"ನಿನ್ನೆ ಎರಡು ಸಲ ಹೇಳಿದ್ನಲ್ಲಮ್ಮ!"

"ಅಷ್ಟ್ ದೂರ ಓಗ್ವಾಗ ಮಾತ್ರೆ ಬುಡ್ಸಿ ಕರ್ಕಬರಕೆ ನನ್ ಮನ್ಸು ಬರ್ನಿಲ್ಲ."

ಬೈಯಲು ಬಾಯಿ ತೆರೆದೆ. ಎರಡು ವರ್ಷ ಒಂದು ಬೆಳಿಗ್ಗೆಯನ್ನೂ ತಪ್ಪಿಸದೆ ಬಾಯಿಗೆ ಹಾಕಿದವಳು ಅವಳು. ಬಾಯಿ ಮುಚ್ಚಿಕೊಂಡೆ. ಅವತ್ತು ತೆಗೆದ ರಕ್ತಕ್ಕೆ ಅರ್ಥವಿರಲಿಲ್ಲ. ಇಬ್ಬರೂ ಕೊಳ್ಳೇಗಾಲದಲ್ಲೇ ಪರಿಚಯದವರ ಮನೆಯಲ್ಲಿ ಉಳಿದು ಶುಕ್ರವಾರ ಮತ್ತೆ ಕೊಟ್ಟರು. ಶೀಶೆ ಮೈಸೂರಿಗೆ ಹೋಯಿತು. ಯೋಜನೆಯ ಫಾರಂ ತುಂಬಲು ಬೇಕಾಗುತ್ತದೆ, ಇದ್ದಬದ್ದ ಬಿಲ್ಲನ್ನೆಲ್ಲ ತನ್ನಿ ಎಂದು ಹೇಳಿ ಕಳಿಸಿದೆ.

ಸೋಮವಾರ ರಿಪೋರ್ಟ್ ಬಂತು. ಅವನಿಗೆ ಐದರಿಂದ ಏಳರ ಒಳಗೆ ಇರಬೇಕಾದ ಮಟ್ಟ ಎರಡಕ್ಕೆ ಇಳಿದಿತ್ತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಶ ಕ್ರಿಯಾಟಿನಿನ್, ಮೊದಲು ಒಂದೂ ಕಾಲರ ಹತ್ತಿರ ಇರುತ್ತಿದ್ದದ್ದು ಎರಡರ ಸಮೀಪ ಬಂದಿತ್ತು. ಅಂದರೆ ಮೈ ಆ ಮೂತ್ರಪಿಂಡದ ಮೇಲೆ ಬೀಳಲು ಶುರು ಮಾಡಿತ್ತು. ಕೂಡಲೇ ಫೋನ್ ಮಾಡಿ ಡಾಕ್ಟರಿಗೆ ಓದಿ ಹೇಳಿದೆ.

"ಪ್ರಮಾಣ ಸಾಲ್ತಾ ಇಲ್ಲ," ಎಂದರು. "ಇವತ್ತಿಂದಲೇ ಎರಡು ಎರಡು ಕೊಡಲಿ. ನಾಳೆ ಕರಕೊಂಡು ಬನ್ನಿ ಅಂತ ಹೇಳಿ, ಸೇರಿಸಿಕೊಳ್ಳಬೇಕಾಗಬಹುದು."

ಅಕ್ಕ ತಮ್ಮ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಎರಡು ಎರಡು ಎಂದರೆ ಉಳಿದ ಮಾತ್ರೆ ಎರಡೇ ದಿನಕ್ಕೆ ಸಾಕಾಗುತ್ತದೆ. ಅವರಿಗೆ ಹೇಳುವ ಮೊದಲು ಕೈಗೆ ಏನಾದರೂ ಕೆಲಸ ಬೇಕಿತ್ತು. ಅವಳು ತಂದಿದ್ದ ಬಿಲ್ಲುಗಳನ್ನು ಫಾರಂಗಾಗಿ ತಾರೀಕಿನ ಪ್ರಕಾರ ಜೋಡಿಸತೊಡಗಿದೆ. ಪ್ರತಿ ಬಿಲ್ಲಿನಲ್ಲೂ ಆರು ಪಟ್ಟಿ, ಅರವತ್ತು ಕ್ಯಾಪ್ಸೂಲು. ದಿನಕ್ಕೆರಡು, ಮೂವತ್ತು ದಿನ. ಮೊದಲ ಬಿಲ್ಲಿಗೂ ಎರಡನೆಯದಕ್ಕೂ ನಡುವೆ ಮೂವತ್ತು ದಿನ. ಎರಡನೆಯದಕ್ಕೂ ಮೂರನೆಯದಕ್ಕೂ ನಲವತ್ತು. ಆಮೇಲಿನದಕ್ಕೂ ನಲವತ್ತು.

ತಿಂಗಳ ಮಾತ್ರೆ ಜಾಸ್ತಿ ದಿನ ಬರುತ್ತಿದೆ, ಮಾದಪ್ಪ ನಡೆಸುತ್ತಿದ್ದಾನೆ. ಮೊದಲ ದಿನವೇ ಅವಳು ಹೇಳಿದ್ದಳು. ಮಾತ್ರೆ ಎಣಿಸುವುದೇ ನನ್ನ ಕಸುಬು. ಎದುರಿಗೆ ನಿಂತು ಒಬ್ಬಳು ಲೆಕ್ಕ ತಪ್ಪಿದೆ ಎಂದು ಹೇಳಿದರೆ ನಾನು ಲ್ಯಾಮಿನೇಶನ್ ನೋಡಿಕೊಂಡು ಕೊಂಕು ಮಾತಾಡುತ್ತಿದ್ದೆ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ತಮ್ಮನನ್ನು ಒಳಗೆ ಕರೆದೆ, ರ‍್ಯಾಕುಗಳ ಹಿಂದೆ.

"ಬೆಳಗಿನದು ಅಕ್ಕ ಬಾಯಿಗೆ ಹಾಕ್ತಾರೆ. ಸಂಜೆಯದು?"

"ಅಕ್ಕ ಒಂದ್ ಕಿತ್ತು ಜೇಬ್ಗಾಕ್ತಳೆ. ಡ್ಯೂಟಿ ಮ್ಯಾಲೆ ನುಂಗ್ತೀನಿ."

"ದಿನಾ ನುಂಗ್ತೀಯಾ?"

ಅವನು ನೆಲ ನೋಡಿದ.

"ವಾರಕ್ ಮೂರ್ನಾಕ್ ಸಲ ನುಂಗಲ್ಲ ಮೇಡಂ. ತಂದು ಡಬ್ಬಿಗೇ ಆಕ್ಬುಡ್ತೀನಿ. ಕಿವೀದು ಮಾರುದ್ಲು, ಮ್ಯಾಕೆ ಮಾರುದ್ಲು. ಎರಡ್ ದಿನ ಮುಂದಕ್ಕೋದ್ರೆ ಓಗ್ಲಿ ಅಂತ... ನಂಗೇನೂ ಆಗ್ನಿಲ್ವಲ್ಲ, ಚೆನ್ನಾಗೇ ಇದ್ನಲ್ಲ."

"ರಕ್ತ ಕೊಟ್ಟ ಹಿಂದಿನ ಸಂಜೆ?"

"ಅವತ್ತೂ ಇಲ್ಲ. ಊಟ ಆದ್ಮೇಲೆ ನುಂಗ್ತೀನಿ ಅಂದ್ಬುಟ್ಟು ಜೇಬಲ್ಲೇ ಮಡಿಕಂಡೆ."

ಪ್ರಮಾಣ ಸಾಲುತ್ತಿಲ್ಲ ಎಂದುಕೊಂಡು ಡಾಕ್ಟರು ಅದನ್ನು ಎರಡರಷ್ಟು ಮಾಡಿದ್ದರು. ಹೆದರಿಕೊಂಡು ಇವನು ಈಗ ಸರಿಯಾಗಿ ನುಂಗಲು ಶುರು ಮಾಡಿದರೆ, ಔಷಧವೇ ವಿಷವಾಗಿ, ಮೂತ್ರಪಿಂಡದಲ್ಲಿ ಉಳಿದ ಶಕ್ತಿಯನ್ನೂ ತೆಗೆಯುತ್ತಿತ್ತು.

"ಡಾಕ್ಟ್ರಿಗೇಳ್ಬ್ಯಾಡಿ ಮೇಡಂ," ಎಂದು ಕೈ ಮುಗಿದ. "ಸರ್ಯಾಗ್ ನುಂಗ್ನಿಲ್ಲ ಅಂತ ಗೊತ್ತಾದ್ರೆ ಸ್ಕೀಮಲ್ಲಿ ಕೊಡಲ್ಲ ಅಂತರೆ. ಅಕ್ಕನ್ಗಂತೂ ಏಳ್ಲೇಬ್ಯಾಡಿ. ಸತ್ತೋಯ್ತಾಳೆ."

ಹೇಳಿದರೆ ಯೋಜನೆ ತಪ್ಪಬಹುದೇ ಎಂದು ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಪುಕ್ಕಟೆ ಔಷಧದ ಬಾಗಿಲು ಈಗ ತಾನೆ ತೆರೆಯುತ್ತಿತ್ತು, ನನ್ನ ಮಾತಿನಿಂದಲೇ ಅದು ಮುಚ್ಚಿಹೋದರೆ? ಎರಡು ನಿಮಿಷ ರ‍್ಯಾಕು ಹಿಡಿದು ನಿಂತೆ. ಆಮೇಲೆ ಫೋನ್ ತೆಗೆದು ಅವನ ಎದುರಿಗೇ ಡಾಕ್ಟರಿಗೆ ಮಾಡಿದೆ. ಬಿಲ್ಲಿನ ತಾರೀಕು, ಮಾತ್ರೆಯ ಲೆಕ್ಕ, ಅವನು ಹೇಳಿದ್ದು, ಎಲ್ಲ ಹೇಳಿದೆ.

"ಒಳ್ಳೇದಾಯ್ತು ಹೇಳಿದ್ದು. ಹಳೇ ಪ್ರಮಾಣವೇ ಇರಲಿ, ಒಂದು ಒಂದು. ಎರಡು ಹೊತ್ತೂ ತಪ್ಪಬಾರದು. ನಾಳೆ ಬೆಳಿಗ್ಗೆ ಬರಲಿ. ಯೋಜನೆಗೆ ನಾನು ಬರೀತೀನಿ. ಔಷಧ ಕೊಳ್ಳೋಕಾಗದೆ ಬಿಟ್ಟಿದ್ದಾನೆ ಅಂತ ಬರೀತೀನಿ, ಅದೇ ತಾನೆ ನಿಜ."

ಫೋನ್ ಇಟ್ಟು ಅವನನ್ನು ಬೆಂಚಿನ ಬಳಿಗೆ ಕರೆತಂದೆ. "ನೀನೇ ಹೇಳಬೇಕು, ನಾನು ಹೇಳಲ್ಲ," ಅಂದೆ. ಅವನು ಗೊಣಗಿಕೊಂಡು, ಅಕ್ಕನ ಮುಖ ನೋಡದೆ ಹೇಳಿ ಮುಗಿಸಿದ.

ಅವಳು ಕಿರುಚಲಿಲ್ಲ. ಖಾಲಿ ಕಿವಿಯನ್ನು ಬೆರಳಲ್ಲಿ ಹಿಡಿದುಕೊಂಡಳು.

"ಲೇ, ಕಿವೀದು ನಂದು. ನಿನ್ನೊಳಗಿರದೂ ನಂದೇಯ. ಯಾವ್ದ ಮಾರ್ಬೇಕು ಯಾವ್ದ ಮಡಿಕಬೇಕು ಅಂತ ನನ್ ಕೇಳ್ದೆ ನೀನ್ಯಾಕ್ಲಾ ತೀರ್ಮಾನ ಮಾಡ್ದೆ?"

ಅವನು ಅಲ್ಲೇ ಕುಸಿದು ಕುಳಿತು ಅತ್ತ. ಸಕ್ಕರೆ ಮಾತ್ರೆಗೆ ಬಂದಿದ್ದ ಮೇಷ್ಟ್ರೊಬ್ಬರು ಹೊರಗೆ ಹೋಗಿ ನಿಂತರು. ನಾನೂ ಸೀರೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಅದರಲ್ಲಿ ನಾಚಿಕೆಯೇನೂ ಆಗಲಿಲ್ಲ.

ಮಂಗಳವಾರ ಮೈಸೂರಿನಲ್ಲಿ ಅವನನ್ನು ಸೇರಿಸಿಕೊಂಡು ಮೂರು ದಿನ ಇಂಜೆಕ್ಷನ್ ಕೊಟ್ಟರು. ಹೊಸ ಚೀಟಿಯಲ್ಲಿ ಕಂಪನಿಯ ಹೆಸರಿರಲಿಲ್ಲ, ಔಷಧದ ಹೆಸರಿತ್ತು. ಪ್ರಮಾಣ, ತಾರೀಕು, ಸಹಿ, ನೋಂದಣಿ ಸಂಖ್ಯೆ ಎಲ್ಲ ಒಂದೇ ಮುಖದಲ್ಲಿ. ಅವಳು ಅದರ ಫೋಟೋ ಕಳಿಸಿದ ಕೂಡಲೇ ವಿತರಕರಿಗೆ ಆರ್ಡರ್ ಹಾಕಿದೆ. ಗುರುವಾರ ಬರಬೇಕಾದ ಪಾರ್ಸೆಲ್ ಬರಲಿಲ್ಲ. ಶುಕ್ರವಾರ ಮಧ್ಯಾಹ್ನದ ತನಕ ನಾನು ಊಟ ಮಾಡಲಿಲ್ಲ, ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ. ಎರಡೂವರೆಗೆ ಪೆಟ್ಟಿಗೆ ಬಂತು. ಆಸ್ಪತ್ರೆಯಿಂದ ತಮ್ಮನನ್ನು ಕರೆತಂದವಳು ಬೆಟ್ಟದ ಬಸ್ಸು ಹಿಡಿಯುವ ಮೊದಲು ಅಂಗಡಿಯ ಮುಂದೆಯೇ ಕಾದಿದ್ದಳು. ಮೂಲ ಚೀಟಿ ನೋಡಿ, ಬ್ಯಾಚ್ ನಂಬರ್ ಬರೆದು, ಬಿಲ್ಲು ಹರಿದು, ಚೀಟಿಯ ಮೇಲೆ ಮೊಹರು ಒತ್ತಿ ಕೊಟ್ಟೆ. ಅವರ ಬಳಿ ಉಳಿದಿದ್ದದ್ದು ಆ ಸಂಜೆಯ ಒಂದು ಮಾತ್ರೆ.

ಒಂದು ವಾರಕ್ಕೆ ಮಟ್ಟ ಐದೂವರೆಗೆ ಬಂತು. ಯೋಜನೆಯ ನವೀಕರಣಕ್ಕೆ ಇನ್ನೂ ಆರು ವಾರ ಹಿಡಿಯಿತು, ಅಲ್ಲಿಯವರೆಗೆ ನಮ್ಮ ಜನರಿಕ್ಕಿನಲ್ಲೇ ನಡೆಯಿತು. ಕ್ರಿಯಾಟಿನಿನ್ ಮಾತ್ರ ಎರಡರಿಂದ ಇಳಿದು ಒಂದೂವರೆಯ ಮೇಲೆ ಬಂದು ನಿಂತುಬಿಟ್ಟಿತು. ಮೂರು ಸಲ ನೋಡಿದರೂ ಅಷ್ಟೇ. ಹಳೆಯ ಒಂದೂ ಕಾಲಿಗೆ ಹೋಗಲಿಲ್ಲ, ಇನ್ನು ಹೋಗುವುದಿಲ್ಲ ಎಂದರು ಡಾಕ್ಟರು.

ಯೋಜನೆಯ ಔಷಧ ಬಂದ ದಿನ ಅವಳು ಹೇಳಿಹೋಗಲು ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವ ತನಕ ಕಾದಳು.

"ಮೇಡಂ, ಒಂದ್ ಮಾತ್ ಕೇಳ್ತೀನಿ, ಬೈಬ್ಯಾಡಿ. ಡಾಕ್ಟ್ರು ಇಂಗ್ಲೀಸಲ್ಲಿ ಏಳುದ್ರು, ಗೊತ್ತಾಗ್ನಿಲ್ಲ. ನಾ ಕೊಟ್ನಲ್ಲ, ಅದ್ರಲ್ಲಿ ಎಷ್ಟು ಉಳ್ದದೆ?"

ಎಲ್ಲ ಇದೆ ಕಣಮ್ಮ ಎನ್ನಲು ನಾಲಿಗೆ ಎದ್ದಿತ್ತು. ಅವಳ ತಮ್ಮನ ಕೈಲಿ ನಿಜ ಹೇಳಿಸಿದವಳು ನಾನು.

"ಮುಕ್ಕಾಲು ಅಂದುಕೊಳ್ಳಮ್ಮ. ಹೋದದ್ದು ವಾಪಸ್ ಬರಲ್ಲ."

ಅವಳು ಸೀರೆಯ ಮೇಲಿಂದಲೇ ಎಡಗಡೆ ಪಕ್ಕೆ ಮುಟ್ಟಿಕೊಂಡಳು. ಹೋದ ಕಾಲು ಭಾಗ ಅಲ್ಲಿಂದಲೇ ಹೋಯಿತೇನೋ ಎಂಬಂತೆ ಸ್ವಲ್ಪ ಹೊತ್ತು ಕೈ ಹಾಗೇ ಇತ್ತು.

"ಮುಕ್ಕಾಲು," ಅಂದಳು. "ಅವನ ಲಾಡ್ಜಲ್ಲೇ ಕಸ ಗುಡ್ಸಕ್ ಸೇರ್ಕಂಡಿವ್ನಿ ಮೇಡಂ. ಸಂದೇದೂ ನಾನೇ ಬಾಯ್ಗಾಕ್ತೀನಿ. ಬಾಯ್ ತೆಗ್ಸಿ ನೋಡ್ತೀನಿ."

ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದಿತ್ತು. ಎಂಟರ ಮಾತ್ರೆಗೆ ಬೆಟ್ಟದಲ್ಲಿರಬೇಕು ಎಂದು ಅವಳು ಬಸ್ ಸ್ಟ್ಯಾಂಡಿನ ಕಡೆ ಓಡಿದಳು.